ನೈಟಿಂಗೇಲ್ ಅಮ್ಮನವರ ಚರಿತ್ರೆ: ದಾದಿಯರೂ ವೈದ್ಯರೂ

ನಮ್ಮ ಸೀಮೆಯಲ್ಲಿ ಯಾರಿಗಾದರೂ ರೋಗವು ಬಲವಾದರೆ ಆಸ್ಪತ್ರೆಗೆ ಹೋಗುವದು ಈಗ ವಾಡಿಕೆಯಾಗಿದೆ. ಕಾಪುವಿನವರು ಬಸ್ಸು ಹತ್ತಿ ಉಡುಪಿಗೆ ಬರುವರು. ಕಾರ್ಕಳದವರು ಮೊದಲು ತಮ್ಮ ಊರಿನ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿ ಗುಣ ಕಾಣದಿದ್ದರೆ ಮಣಿಪಾಲಕ್ಕೆ ಹೋಗುವರು. ಅಲ್ಲಿ ಮಂಚದ ಮೇಲೆ ಮಲಗಿದ ರೋಗಿಯು ಹಗಲಿರುಳು ಕಾಣುವದು ವೈದ್ಯರನ್ನಲ್ಲ, ದಾದಿಯರನ್ನೇ. ವೈದ್ಯರು ದಿನಕ್ಕೆ ಒಂದೆರಡು ಸಾರಿ ಬಂದು, ಮಂಚದ ಬಳಿಯಲ್ಲಿಟ್ಟ ಕಾಗದವನ್ನು ಓದಿ, ನಾಡಿಯನ್ನು ನೋಡಿ, ನಾಲ್ಕು ಮಾತು ಕೇಳಿ ಮುಂದಿನ ಮಂಚಕ್ಕೆ ಹೋಗುವರು. ರಾತ್ರಿ ಜ್ವರವು ಎಷ್ಟು ಏರಿತು, ರೋಗಿಯು ಎಷ್ಟು ನೀರು ಕುಡಿದನು, ಎಷ್ಟು ಹೊತ್ತು ನಿದ್ರೆ ಮಾಡಿದನು ಎಂಬದನ್ನೆಲ್ಲಾ ಆ ಕಾಗದದಲ್ಲಿ ಬರೆದಿಟ್ಟವಳು ದಾದಿಯು. ಅವಳು ನೋಡದೆ ಬರೆದರೆ ವೈದ್ಯರ ವಿದ್ಯೆಯು ತಪ್ಪುದಾರಿ ಹಿಡಿಯುವದು. ಅವಳು ನೋಡಿ ಬರೆದದ್ದನ್ನು ವೈದ್ಯರು ಲಕ್ಷಿಸದೆ ಹೋದರೆ ಆಗಲೂ ನಷ್ಟವು ಮಲಗಿದವನಿಗೇ.

ನಮ್ಮ ಸಭೆಗಳಿಂದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಹೋಗುವದು ಇಂದು ನಿನ್ನೆಯ ಮಾತಲ್ಲ. ಸ್ವಿಸ್ ದೇಶದ ವೈದ್ಯೆಯಾದ ಎವಾ ಲೊಂಬಾರ್ಡ್ ಅಮ್ಮನವರು 1923ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಮಿಶನ್ ಆಸ್ಪತ್ರೆಯನ್ನೂ, ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ಆರಂಭಿಸಿದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನೂ ಅರಿಯದ ವಾಚಕರು ನಮಗೆ ಇರಲಿಕ್ಕಿಲ್ಲ. ಆದರೂ ಮಗಳನ್ನು ಈ ಶಿಕ್ಷಣಕ್ಕೆ ಕಳುಹಿಸುವಾಗ ತಂದೆತಾಯಿಗಳ ಮನಸ್ಸಿನಲ್ಲಿ ಒಂದು ಅಳುಕು ಇರುವದುಂಟು. ಇವಳು ವೈದ್ಯರ ಆಳಾಗಿ ದುಡಿಯಬೇಕೋ, ಇಲ್ಲವೆ ಅವರ ಜೊತೆಗೆಲಸದವಳೆಂದು ಎಣಿಸಲ್ಪಡುವಳೋ? ಈ ಪ್ರಶ್ನೆಯು ಹಳೆಯದು. ಇದನ್ನು ಮೊದಲು ಎದುರಿಸಿ ನಿಂತವರಲ್ಲಿ ಮುಖ್ಯರಾದವರು ಫ್ಲೋರೆನ್ಸ್ ನೈಟಿಂಗೇಲ್ ಎಂಬ ಆಂಗ್ಲ ಸ್ತ್ರೀ. ಅವರು ಹುಟ್ಟಿದ ಮೇ 12ನೆಯ ದಿನವನ್ನು ಲೋಕವೆಲ್ಲಾ ದಾದಿಯರ ದಿನವೆಂದು ಆಚರಿಸುತ್ತದೆ. ಕೈಯಲ್ಲಿ ದೀಪ ಹಿಡಿದು ಗಾಯಾಳುಗಳ ನಡುವೆ ನಡೆಯುವ ಅವರ ಚಿತ್ರವನ್ನು ನಮ್ಮವರು ಅನೇಕರು ನೋಡಿದ್ದಾರೆ. ಆ ಚಿತ್ರದಲ್ಲಿ ಕಾಣದೆ ಇರುವ ಸಂಗತಿಗಳನ್ನೇ ನಾವು ಇಲ್ಲಿ ಹೆಚ್ಚಾಗಿ ಹೇಳಬೇಕೆಂದಿದ್ದೇವೆ.

ಈ ಅಮ್ಮನವರು 1820ರಲ್ಲಿ ಇತಾಲ್ಯ ದೇಶದ ಫ್ಲೋರೆನ್ಸ್ ಪಟ್ಟಣದಲ್ಲಿ ಹುಟ್ಟಿದರು; ಆ ಊರಿನ ಹೆಸರೇ ಅವರ ಹೆಸರಾಯಿತು. ಮನೆತನವು ಬಹು ಐಶ್ವರ್ಯವುಳ್ಳದ್ದು. ಇಂಗ್ಲೆಂಡಿನಲ್ಲಿ ಅವರಿಗೆ ಎರಡು ದೊಡ್ಡ ಬಂಗಲೆಗಳಿದ್ದವು. ತಂದೆಯು ತಾನೇ ಕೂತು ಇಬ್ಬರು ಹೆಣ್ಣುಮಕ್ಕಳಿಗೂ ಗ್ರೀಕ್, ಲತೀನ್ ಭಾಷೆಗಳನ್ನೂ ಚರಿತ್ರೆಯನ್ನೂ ಕಲಿಸಿದನು. ಕಿರಿಯಳಾದ ಫ್ಲೋರೆನ್ಸಳಿಗೆ ಲೆಕ್ಕಗಳ ಮೇಲೆ ವಿಶೇಷ ಪ್ರೀತಿ. ಹದಿನಾರು ವರ್ಷದವರಾಗಿದ್ದಾಗ, 1837ರ ಫೆಬ್ರವರಿ 7ರಂದು, ದೇವರು ತನ್ನನ್ನು ಸೇವೆಗೆ ಕರೆದನೆಂದು ಅವರು ಬರೆದಿಟ್ಟರು. ಯಾವ ಸೇವೆಯೆಂಬದು ಆಗ ತಿಳಿಯಲಿಲ್ಲ. ಅದು ರೋಗಿಗಳ ಸೇವೆಯೆಂದು ಗೊತ್ತಾಗಲಿಕ್ಕೆ ಕೆಲವು ವರ್ಷಗಳು ಹಿಡಿದವು. ಗೊತ್ತಾದ ಮೇಲೆ ಮನೆಯವರನ್ನು ಒಪ್ಪಿಸಲಿಕ್ಕೆ ಇನ್ನೂ ಹೆಚ್ಚು ವರ್ಷಗಳು ಹಿಡಿದವು. 1845ರಲ್ಲಿ ಸಾಲ್ಸ್‌ಬರಿ ಎಂಬ ಊರಿನ ಆಸ್ಪತ್ರೆಯಲ್ಲಿ ಕೆಲಸ ಕಲಿಯಲು ಅಪ್ಪಣೆ ಕೇಳಿದಾಗ ತಾಯಿಯೂ ಅಕ್ಕನೂ ಮನೆಯ ಮಾನ ಹೋಯಿತೆಂಬಂತೆ ನಡೆದುಕೊಂಡರು. ಅವರ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ಆ ಕಾಲದ ಇಂಗ್ಲಿಷ್ ಆಸ್ಪತ್ರೆಗಳಲ್ಲಿ ಕೂಲಿಗೆ ನಿಂತ ಹೆಂಗಸರಲ್ಲಿ ಅನೇಕರು ಓದುಬರಹ ಬಾರದವರೂ ಕುಡಿತದ ಚಟವುಳ್ಳವರೂ ಆಗಿದ್ದರು. ಅಂಥ ಕೆಲಸಕ್ಕೆ ಮರ್ಯಾದಸ್ಥರ ಮಗಳು ಹೋಗುವಳೆಂಬದನ್ನು ಯಾರೂ ಊಹಿಸಿರಲಿಲ್ಲ.

ಅವರಿಗೆ ದಾರಿ ತೆರೆದದ್ದು ಜರ್ಮನಿಯಲ್ಲಿ. ರೈನ್ ನದಿಯ ದಡದ ಕೈಸರ್ಸ್‌ವೆರ್ತ್ ಎಂಬ ಊರಿನಲ್ಲಿ ಥಿಯೊಡೋರ್ ಫ್ಲೀಡ್ನರ್ ಎಂಬ ಬಡ ಸಭಾಪಾಲಕನು 1836ರಲ್ಲಿ ಒಂದು ಆಸ್ಪತ್ರೆಯನ್ನು ತೆರೆದು, ಸಾಧಾರಣ ಮನೆಗಳ ಕನ್ನೆಯರನ್ನು ಸೇರಿಸಿ ಸಭಾಸೇವಕಿಯರನ್ನಾಗಿ ತಯಾರು ಮಾಡುತ್ತಿದ್ದನು. ನೈಟಿಂಗೇಲ್ ಅಮ್ಮನವರು 1850ರಲ್ಲಿ ಅಲ್ಲಿಗೆ ಹೋಗಿ ನೋಡಿದರು. 1851ರಲ್ಲಿ ಮೂರು ತಿಂಗಳು ಅಲ್ಲಿಯೇ ಇದ್ದು ಕಲಿತರು. ಮುಂಜಾನೆ ಐದಕ್ಕೆ ಎದ್ದು, ಗಂಜಿಯನ್ನೂ ಒರಟು ರೊಟ್ಟಿಯನ್ನೂ ತಿಂದು, ಹುಣ್ಣು ತೊಳೆಯುತ್ತಾ, ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ಬಳಿಯಲ್ಲಿ ನಿಲ್ಲುತ್ತಾ ದಿನ ಕಳೆದರು. ಮುಪ್ಪಿನಲ್ಲಿ ಅವರು ಇದನ್ನು ನೆನಸಿ, ಅಲ್ಲಿಯ ಶುಶ್ರೂಷೆಯಾಗಲಿ ಶುಚಿತ್ವವಾಗಲಿ ಹೇಳಿಕೊಳ್ಳುವಂಥದ್ದಾಗಿರಲಿಲ್ಲವೆಂದೂ, ಆದರೆ ಅಷ್ಟು ನಿರ್ಮಲವಾದ ಮನೋಭಾವವನ್ನು ಮತ್ತೆಲ್ಲಿಯೂ ಕಾಣಲಿಲ್ಲವೆಂದೂ ಹೇಳಿದರು. ಹೊಗಳಿಕೆಯಲ್ಲಿಯೂ ಸತ್ಯವನ್ನು ಬಿಡದ ಈ ಗುಣವು ಅವರ ಬಾಳಿನುದ್ದಕ್ಕೂ ಇತ್ತು. ಅದರಿಂದ ಅವರಿಗೆ ಶತ್ರುಗಳೂ ಹುಟ್ಟಿದರು.

1853ರಲ್ಲಿ ಲಂಡನಿನ ಹಾರ್ಲಿ ಬೀದಿಯ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಣೆಯು ಅವರಿಗೆ ದೊರೆಯಿತು. ಅಲ್ಲಿ ಅವರು ಮೊದಲು ಕೇಳಿದ್ದು ಮಹಡಿಮಹಡಿಗೂ ಬಿಸಿನೀರಿನ ಕೊಳವೆ, ಊಟವನ್ನು ಮೇಲಕ್ಕೆ ಎಳೆಯುವ ಪೆಟ್ಟಿಗೆ, ಪ್ರತಿ ರೋಗಿಯ ಬಳಿಯಿಂದ ಕರೆಯುವ ಗಂಟೆ. ದಾದಿಯು ದಿನವೆಲ್ಲಾ ಮೆಟ್ಟಲು ಹತ್ತಿ ಇಳಿಯುತ್ತಿದ್ದರೆ ರೋಗಿಯ ಮುಖವನ್ನು ನೋಡುವದು ಯಾವಾಗ ಎಂಬದು ಅವರ ವಿಚಾರ. ಇಂಗ್ಲೆಂಡಿನ ಸಭೆಗೆ ಸೇರಿದವರನ್ನು ಮಾತ್ರ ಸೇರಿಸಬೇಕೆಂದು ಕಮಿಟಿಯವರು ಹಟ ಹಿಡಿದಾಗ, ರೋಮನ್ ಸಭೆಯವರನ್ನೂ ಯೆಹೂದ್ಯರನ್ನೂ ಸೇರಿಸಿಕೊಳ್ಳದಿದ್ದರೆ ತಾನು ಇರಲಾರೆನೆಂದು ತಿಳಿಸಿ, ಆ ಮಾತನ್ನು ಬರಹದಲ್ಲಿ ಪಡೆದುಕೊಂಡರು.

ಹೀಗಿರಲಾಗಿ 1854ರಲ್ಲಿ ಇಂಗ್ಲಿಷರೂ ಫ್ರೆಂಚರೂ ತುರ್ಕರ ಪಕ್ಷ ಹಿಡಿದು ರುಸ್ಸಿಯದವರ ಮೇಲೆ ಕ್ರಿಮಿಯದಲ್ಲಿ ಯುದ್ಧ ಮಾಡುತ್ತಿದ್ದರು. (ಬಾಸೆಲ್ ಮಿಶನಿನವರು ಉಡುಪಿಯಲ್ಲಿ ನೆಲೆಯೂರಿದ್ದೂ ಅದೇ ವರ್ಷ.) ಗಾಯಾಳುಗಳನ್ನು ಹಡಗಿನಲ್ಲಿ ತುಂಬಿ, ಈಗ ಇಸ್ತಾಂಬುಲ್ ಎಂದು ಕರೆಯಲ್ಪಡುವ ಪಟ್ಟಣದ ಎದುರು ದಡದ ಸ್ಕುಟಾರಿಗೆ ತರುತ್ತಿದ್ದರು. ಅಲ್ಲಿ ಕಟ್ಟು ಕಟ್ಟಲಿಕ್ಕೆ ಬಟ್ಟೆಯೂ ಇಲ್ಲವೆಂದು ಟೈಮ್ಸ್ ಪತ್ರಿಕೆಯವರು ಬರೆದಾಗ ಇಂಗ್ಲೆಂಡಿನ ಜನರು ಕೆರಳಿದರು. ಯುದ್ಧಖಾತೆಯ ಮಂತ್ರಿಯಾದ ಸಿಡ್ನಿ ಹರ್ಬರ್ಟನು ನೈಟಿಂಗೇಲ್ ಅಮ್ಮನವರ ಸ್ನೇಹಿತನು. ಅವನು ಕೇಳಿಕೊಂಡ ಮೇರೆಗೆ ಅವರು 38 ಮಂದಿ ಸ್ತ್ರೀಯರನ್ನು ಕೂಡಿಸಿ ಹೊರಟು, ನವೆಂಬರ್ 4ರಂದು ಸ್ಕುಟಾರಿಯನ್ನು ಸೇರಿದರು.

ವೈದ್ಯರಿಗೆ ಅವರು ಬೇಡವಾಗಿದ್ದರು. ಈ ವೈದ್ಯರನ್ನು ಕೆಟ್ಟವರೆಂದು ಹೇಳಿ ಮುಗಿಸುವದು ನ್ಯಾಯವಲ್ಲ. ಸೈನ್ಯದಲ್ಲಿ ವೈದ್ಯರ ಪದವಿಯು ಕೀಳಾಗಿತ್ತು. ಮೇಲಿನವರ ಮೇಲೆ ದೂರು ಹೇಳಿದವನ ಉದ್ಯೋಗಕ್ಕೆ ಕುತ್ತು ಬರುತ್ತಿತ್ತು. ಒಂದು ಅಂಗಿ ಬೇಕಾದರೂ ಉಗ್ರಾಣದವನ ಕಾಲು ಹಿಡಿಯಬೇಕಾಗಿತ್ತು. ಸಿಪಾಯಿಯು ತನ್ನ ಬಟ್ಟೆಯನ್ನು ತಾನೇ ತರತಕ್ಕದ್ದೆಂಬದು ಕಾನೂನು, ಅವನು ಅದನ್ನು ರಣರಂಗದಲ್ಲಿ ಕಳಕೊಂಡಿದ್ದರೂ ಸರಿಯೇ. ಇಂಥವರ ನಡುವೆ ಮಂತ್ರಿಯ ಗೆಳತಿಯೊಬ್ಬಳು ಹಣದೊಂದಿಗೆ ಬಂದಿಳಿದರೆ ಅವಳನ್ನು ಗೂಢಚಾರಳೆಂದು ಎಣಿಸದೆ ಇರುವರೇ?

ಇಲ್ಲಿ ಅಮ್ಮನವರು ಮಾಡಿದ ಕೆಲಸವನ್ನು ನಾವು ಅವರ ಎಲ್ಲಾ ಕೆಲಸಗಳಿಗಿಂತ ಹೆಚ್ಚಾಗಿ ಮೆಚ್ಚುತ್ತೇವೆ. ಅದು ಏನೂ ಮಾಡದೆ ಇದ್ದದ್ದೇ. ವೈದ್ಯರು ಕರೆಯುವ ವರೆಗೆ ತನ್ನವರಲ್ಲಿ ಒಬ್ಬಳೂ ರೋಗಿಗಳ ಕೋಣೆಗೆ ಕಾಲಿಡಬಾರದೆಂದು ಅವರು ಕಟ್ಟಪ್ಪಣೆ ಮಾಡಿದರು. ಗೋಡೆಯ ಆಚೆಯಿಂದ ನರಳುವ ಸ್ವರವು ಕೇಳುತ್ತಿತ್ತು. ಈಚೆಯಲ್ಲಿ ಸ್ತ್ರೀಯರು ಕೂತು ಹಳೆ ಬಟ್ಟೆಗಳನ್ನು ವಿಂಗಡಿಸಿ ಅಂಗಿಗಳನ್ನೂ ದಿಂಬುಗಳನ್ನೂ ಹೊಲಿಯುತ್ತಿದ್ದರು. ಅವರಲ್ಲಿ ಕೆಲವರು ಇದನ್ನು ಕ್ರೂರತನವೆಂದೇ ತಿಳಿದರು. ಆದರೆ ವೈದ್ಯರ ಅಪ್ಪಣೆಯಿಲ್ಲದೆ ನುಗ್ಗಿದರೆ ಒಂದು ದಿನ ಸೇವೆ ಮಾಡಬಹುದು, ಎರಡನೆಯ ದಿನ ಹೊರಗೆ ಹಾಕಲ್ಪಡುವೆವೆಂದು ಅಮ್ಮನವರು ತಿಳಿದಿದ್ದರು. ಅವರು ಬಂದ ಮಾರನೆಯ ದಿನವೇ ಇಂಕರ್ಮನ್ ಎಂಬಲ್ಲಿ ಘೋರವಾದ ಯುದ್ಧವು ನಡೆದು, ಕೆಲವು ದಿನಗಳಲ್ಲಿ ಗಾಯಾಳುಗಳು ಪ್ರವಾಹದಂತೆ ಬಂದರು. ಮಂಚಗಳು ಸಾಲದೆ ನಡುಮನೆಯ ನೆಲದ ಮೇಲೆಯೂ ಮಲಗಿಸಿದರು. ಆಗ ವೈದ್ಯರು ತಾವಾಗಿಯೇ ಬಾಗಿಲು ತೆರೆದರು.

ಬಾಗಿಲು ತೆರೆದ ಮೇಲೆಯೂ ಅವರು ಆ ನಿಯಮವನ್ನು ಬಿಡಲಿಲ್ಲ. ಹಣವು ಕೈಯಲ್ಲಿದ್ದರೂ ವೈದ್ಯರು ಬರೆದು ಸಹಿ ಹಾಕಿದ ಹೊರತು ಒಬ್ಬ ರೋಗಿಗೂ ದ್ರಾಕ್ಷಾರಸವನ್ನಾಗಲಿ ವಿಶೇಷ ಆಹಾರವನ್ನಾಗಲಿ ಕೊಡಲಿಲ್ಲ. ಇದರಿಂದ ವೈದ್ಯರಿಗೆ ಒಂದು ಸಂಗತಿಯು ಮೆಲ್ಲಮೆಲ್ಲನೆ ತಿಳಿಯಿತು: ಉಗ್ರಾಣದವನಿಂದ ವಾರವಾದರೂ ಸಿಕ್ಕದ ವಸ್ತುವು ಈ ಅಮ್ಮನವರಿಗೆ ಒಂದು ಚೀಟಿ ಬರೆದರೆ ಅಂದೇ ಸಿಕ್ಕುವದು. ನೆಲ ತಿಕ್ಕುವ ಬ್ರಶ್ಶುಗಳು ಬಂದವು. ಬಟ್ಟೆ ಒಗೆಯಲು ಮನೆ ಹಿಡಿದು, ಸಿಪಾಯಿಗಳ ಹೆಂಡಂದಿರನ್ನು ಕೂಲಿಗೆ ಇಟ್ಟರು. ಪಥ್ಯದ ಅಡಿಗೆಗೆ ಬೇರೆ ಒಲೆಗಳಾದವು. ರಾತ್ರಿ ಎಂಟರ ಮೇಲೆ ಬೇರೆ ಯಾವ ಹೆಂಗಸೂ ರೋಗಿಗಳ ಬಳಿಗೆ ಹೋಗಬಾರದೆಂಬದು ಅವರ ಕಟ್ಟಳೆ. ಆದದರಿಂದ ಆ ಹೊತ್ತಿನಲ್ಲಿ ದೀಪ ಹಿಡಿದು ಸಾಲುಸಾಲಾಗಿ ನಡೆದವರು ಅವರೊಬ್ಬರೇ. ಆ ದೀಪವೂ ಚಿತ್ರಗಳಲ್ಲಿರುವ ಹಣತೆಯ ರೂಪದ್ದಲ್ಲ. ತುರ್ಕರು ಬಳಸುವ ಮಡಿಚುವ ಲಾಟೀನು.

ಎಲ್ಲರೂ ಮಣಿದರೆಂದು ವಾಚಕರು ತಿಳಿಯಬಾರದು. ಸೈನ್ಯದ ವೈದ್ಯರಿಗೆಲ್ಲಾ ಮೇಲಧಿಕಾರಿಯಾದ ಜಾನ್ ಹಾಲ್ ಎಂಬವನು ಸ್ಕುಟಾರಿಯಲ್ಲಿ ಯಾವ ಕೊರತೆಯೂ ಇಲ್ಲವೆಂದು ಮೊದಲೇ ಬರೆದು ಕಳುಹಿಸಿದ್ದನು. ಅಮ್ಮನವರು ತಂದ ಪ್ರತಿಯೊಂದು ಹಾಸಿಗೆಯೂ ಅವನ ಮಾತನ್ನು ಸುಳ್ಳು ಮಾಡುತ್ತಿತ್ತು. ಅವರ ಅಧಿಕಾರವು ತುರ್ಕಿ ದೇಶಕ್ಕೆ ಮಾತ್ರ ಸಲ್ಲುವದು, ಕ್ರಿಮಿಯಕ್ಕೆ ಸಲ್ಲದು ಎಂದು ಅವನು ವಾದಿಸಿ, ಅವರನ್ನು ಕೇಳದೆ ಬೇರೆ ಸ್ತ್ರೀಯರನ್ನು ಅಲ್ಲಿ ನೇಮಿಸಿಕೊಂಡನು. 1855ರ ಮೇ ತಿಂಗಳಲ್ಲಿ ಕ್ರಿಮಿಯಕ್ಕೆ ಹೋದ ಅಮ್ಮನವರು ಅಲ್ಲಿ ಜ್ವರ ಹತ್ತಿ ಸಾಯುವ ಹಾಗಾದರು. ಈ ವ್ಯಾಜ್ಯವು 1856ರ ಮಾರ್ಚ್ 16ರ ವರೆಗೆ ತೀರಲಿಲ್ಲ. ಆ ದಿನ ಸರಕಾರವು ಎಲ್ಲಾ ಸೈನಿಕ ಆಸ್ಪತ್ರೆಗಳ ದಾದಿಯರಿಗೂ ಅವರೇ ಮೇಲ್ವಿಚಾರಕಿಯೆಂದು ಆಜ್ಞೆ ಹೊರಡಿಸಿತು. ಅಷ್ಟರಲ್ಲಿ ಯುದ್ಧವು ಮುಗಿಯುತ್ತಾ ಬಂದಿತ್ತು. ತಪ್ಪು ಒಂದೇ ಕಡೆಯದ್ದಲ್ಲ. 1854ರ ದಶಂಬರದಲ್ಲಿ ಅವರ ಹಳೆಯ ಗೆಳತಿಯಾದ ಮೇರಿ ಸ್ಟಾನ್ಲಿ ಎಂಬವಳು ನಾಲ್ವತ್ತಕ್ಕಿಂತ ಹೆಚ್ಚು ಸ್ತ್ರೀಯರನ್ನು ಕರಕೊಂಡು ಬಂದಾಗ, ತನ್ನನ್ನು ಕೇಳದೆ ಕಳುಹಿಸಿದರೆಂದು ಅಮ್ಮನವರು ಸಿಟ್ಟುಗೊಂಡು ರಾಜಿನಾಮೆ ಕೊಡುವೆನೆಂದು ಬರೆದರು. ಇಟ್ಟುಕೊಳ್ಳಲು ಸ್ಥಳವಿರಲಿಲ್ಲವೆಂಬದು ನಿಜ. ಆದರೂ ಆ ಸ್ನೇಹವು ಒಡೆದುಹೋಗಿ ಮತ್ತೆ ಕೂಡಲಿಲ್ಲ.

ಈಗ ಒಂದು ಕಠಿಣವಾದ ಸಂಗತಿಯನ್ನು ಹೇಳಬೇಕಾಗಿದೆ. ಅಮ್ಮನವರು ಬಂದ ಕೂಡಲೆ ಸಾವು ಕಡಿಮೆಯಾಯಿತೆಂದು ಹಳೆಯ ಪುಸ್ತಕಗಳಲ್ಲಿ ಓದುತ್ತೇವೆ. ಲೆಕ್ಕವು ಹಾಗೆ ಹೇಳುವದಿಲ್ಲ. ಅವರು ಬಂದ ಮೇಲಿನ ಚಳಿಗಾಲದಲ್ಲಿ ಸಾವು ಹೆಚ್ಚುತ್ತಾ ಹೋಗಿ, 1855ರ ಫೆಬ್ರವರಿಯಲ್ಲಿ ಸ್ಕುಟಾರಿಯ ರೋಗಿಗಳಲ್ಲಿ ನೂರಕ್ಕೆ ಸುಮಾರು 42 ಮಂದಿ ಸತ್ತರು. ವೈದ್ಯರು ಕೈಮೀರಿ ದುಡಿದರು, ದಾದಿಯರು ನಿದ್ರೆಗೆಟ್ಟು ನೋಡಿಕೊಂಡರು. ಇಬ್ಬರ ಕಾಲಿನ ಕೆಳಗೇ ಮೃತ್ಯುವು ಇತ್ತು. ಆ ದೊಡ್ಡ ಕಟ್ಟಡದ ಅಡಿಯಲ್ಲಿ ಮೋರಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. ಮಾರ್ಚ್ ತಿಂಗಳಲ್ಲಿ ಡಾಕ್ಟರ್ ಸದರ್ಲೆಂಡ್, ಇಂಜಿನಿಯರ್ ರಾಲಿನ್ಸನ್ ಮೊದಲಾದವರ ಕಮಿಶನ್ ಬಂದು ನೋಡಿದಾಗ, ಕುಡಿಯುವ ನೀರು ಬರುವ ಕಾಲುವೆಯಲ್ಲಿ ಒಂದು ಕುದುರೆಯ ಹೆಣವು ಸಿಕ್ಕಿತು. ಅವರು ಮೋರಿಗಳನ್ನು ತೊಳೆಸಿ, ಗೋಡೆಗೆ ಸುಣ್ಣ ಹೊಡೆಸಿ, ಗಾಳಿಗೆ ದಾರಿ ಮಾಡಿಸಿದರು. ಜೂನ್ ತಿಂಗಳಲ್ಲಿ ಸಾವು ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

ಇದರ ಪೂರ್ತಿ ಅರ್ಥವು ಅಮ್ಮನವರಿಗೆ ತಿಳಿದದ್ದು 1856ರಲ್ಲಿ ಊರಿಗೆ ಮರಳಿದ ಮೇಲೆ. ವಿಲಿಯಂ ಫಾರ್ ಎಂಬ ಗಣಿತಜ್ಞ ವೈದ್ಯನೊಡನೆ ಕೂತು ಸತ್ತವರ ಪಟ್ಟಿಗಳನ್ನು ಕೂಡಿಸಿ ನೋಡಿದಾಗ, ಯುದ್ಧದ ಗಾಯದಿಂದ ಸತ್ತವರಿಗಿಂತ ತಡೆಯಬಹುದಾದ ರೋಗದಿಂದ ಸತ್ತವರು ಎಷ್ಟೋ ಪಾಲು ಹೆಚ್ಚೆಂದು ಕಂಡಿತು. ತನ್ನ ಕಣ್ಣೆದುರಿನಲ್ಲಿಯೇ ಅವರು ಸತ್ತದ್ದು. ಲೋಕವೆಲ್ಲಾ ಕೊಂಡಾಡುತ್ತಿರುವಾಗ ಅವರು ಈ ಲೆಕ್ಕವನ್ನು ಅಡಗಿಸಿಡಲಿಲ್ಲ. ಓದಲಾರದವರಿಗೂ ತಿಳಿಯುವಂತೆ ಬಣ್ಣದ ಚಕ್ರಗಳಾಗಿ ಬರೆಯಿಸಿ 1858ರಲ್ಲಿ ಅಚ್ಚು ಹಾಕಿಸಿದರು. ಹೆಚ್ಚಾಗಿ ಹಾಸಿಗೆಯಲ್ಲಿ ಮಲಗಿಯೇ ಇದನ್ನೆಲ್ಲಾ ಮಾಡಿದರು, ಯಾಕಂದರೆ ಕ್ರಿಮಿಯದ ಜ್ವರದ ಬಾಧೆಯು ಅನೇಕ ವರ್ಷ ಅವರನ್ನು ಬಿಡಲಿಲ್ಲ. ಈ ಸಮಯದಲ್ಲಿ ಅವರ ಬಲಗೈಯಾಗಿ ದುಡಿದವನು ಆ ಸದರ್ಲೆಂಡ್ ವೈದ್ಯನೇ. ಬಹಳ ವರ್ಷ ಅವರು ಒಟ್ಟಿಗೆ ಕೆಲಸ ಮಾಡಿದರು. ಅಮ್ಮನವರು ಅವನನ್ನು ಎಷ್ಟೋ ಸಾರಿ ಗದರಿಸಿದರೂ ಅವನು ಬಿಟ್ಟುಹೋಗಲಿಲ್ಲ. ದಾದಿಯೂ ವೈದ್ಯನೂ ಕೂಡಿ ಕೆಲಸ ಮಾಡುವದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವನ್ನು ನಾವು ಅರಿಯೆವು.

ಜನರು ಕೂಡಿಸಿ ಕೊಟ್ಟ ಸುಮಾರು 45,000 ಪೌಂಡು ಹಣದಿಂದ 1860ರಲ್ಲಿ ಲಂಡನಿನ ಸಂತ ತೋಮನ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು ಹದಿನೈದು ಮಂದಿಯೊಂದಿಗೆ ಆರಂಭವಾಯಿತು. ಅದೇ ಆಸ್ಪತ್ರೆಯ ಹಿರಿಯ ಶಸ್ತ್ರವೈದ್ಯನಾದ ಸೌತ್ ಎಂಬವನು ಇದನ್ನು ವಿರೋಧಿಸಿ ಪುಸ್ತಕವನ್ನೇ ಬರೆದಿದ್ದನು. ದಾದಿಯು ಮನೆಗೆಲಸದ ಹೆಣ್ಣಿನ ಹಾಗೆ, ಅವಳಿಗೆ ಕಲಿಸಬೇಕಾದದ್ದು ಬಹಳವಿಲ್ಲ ಎಂಬದು ಅವನ ಅಭಿಪ್ರಾಯ. ಅಮ್ಮನವರು ಇದಕ್ಕೆ ಉತ್ತರವಾಗಿ ಶಾಲೆಯ ಏರ್ಪಾಡನ್ನೇ ಮುಂದಿಟ್ಟರು. ರೋಗಿಗೆ ಕೊಡಬೇಕಾದ ಚಿಕಿತ್ಸೆಯಲ್ಲಿ ದಾದಿಯು ವೈದ್ಯರ ಮಾತನ್ನು ಕೇಳತಕ್ಕದ್ದು. ಆದರೆ ದಾದಿಯ ನೇಮಕ, ನಡತೆ, ಶಿಕ್ಷೆ, ಬಿಡುಗಡೆ ಇವೆಲ್ಲಾ ಹಿರಿಯ ದಾದಿಯಾದ ಮೇಟ್ರನಳ ಕೈಯಲ್ಲಿರತಕ್ಕದ್ದು. ವೈದ್ಯರಾಗಲಿ ಕಮಿಟಿಯವರಾಗಲಿ ಅದರಲ್ಲಿ ಕೈಹಾಕಬಾರದು. ಒಬ್ಬ ಹೆಣ್ಣುಮಗಳ ಮಾನವು ಒಬ್ಬ ಗಂಡಸಿನ ಸಿಟ್ಟಿಗೋ ದಾಕ್ಷಿಣ್ಯಕ್ಕೋ ಸಿಕ್ಕಬಾರದೆಂಬದು ಇದರ ತಾತ್ಪರ್ಯ. ನಮ್ಮ ತಂದೆತಾಯಿಗಳ ಅಳುಕಿಗೆ ಇದು ಸಮೀಪವಾದ ಮಾತು.

ವಿಧೇಯತೆಯೆಂದರೆ ಏನೆಂಬದನ್ನೂ ಅವರು ಬಿಡಿಸಿ ಹೇಳಿದರು. ದಾದಿಯು ರೋಗಿಯು ಚೆನ್ನಾಗಿದ್ದಾನೆ ಎಂದು ಹೇಳಿದರೆ ವೈದ್ಯರಿಗೆ ಪ್ರಯೋಜನವಿಲ್ಲ. ಅದು ಅವಳ ಅಭಿಪ್ರಾಯ. ಎಷ್ಟು ಹೊತ್ತಿಗೆ ಚಳಿ ಬಂತು, ಎಷ್ಟು ತಿಂದನು, ತಟ್ಟೆಯಲ್ಲಿ ಎಷ್ಟು ಉಳಿಯಿತು ಎಂದು ಹೇಳಿದರೆ ಅದು ಸಂಗತಿ. ವೈದ್ಯನು ಕೆಲವು ನಿಮಿಷ ಮಾತ್ರ ನೋಡುವದರಿಂದ ಉಳಿದ ಹೊತ್ತೆಲ್ಲಾ ಅವನ ಕಣ್ಣಾಗಿ ಇರುವವಳು ಅವಳೇ. ಈಗಿನ ಆಸ್ಪತ್ರೆಗಳಲ್ಲಿ ವೈದ್ಯರು ರಾತ್ರಿ ಫೋನಿನಲ್ಲಿ ಹೇಳಿದ ಮದ್ದಿನ ಹೆಸರನ್ನೂ ಅಳತೆಯನ್ನೂ ದಾದಿಯು ಬರೆದುಕೊಂಡು ತಿರುಗಿ ಓದಿ ಹೇಳುವದೂ, ಅನುಮಾನವಿದ್ದರೆ ಕೊಡುವ ಮುಂಚೆ ಕೇಳುವದೂ ಈ ಬೇರಿನಿಂದಲೇ ಬೆಳೆದದ್ದು. ವೈದ್ಯರ ಕಡೆಯಿಂದಲೂ ಕೊರತೆ ಬಂದದ್ದುಂಟು. ಆ ಶಾಲೆಯಲ್ಲಿ ಪಾಠ ಹೇಳಬೇಕಾಗಿದ್ದ ವೈದ್ಯನು ವರ್ಷಗಳಿಂದ ಅದನ್ನು ಅಲಕ್ಷ್ಯ ಮಾಡಿದನೆಂದು 1872ರ ಹೊತ್ತಿಗೆ ಬೈಲಾಯಿತು. ಅವನ ಸ್ಥಾನಕ್ಕೆ ಬೇರೊಬ್ಬನನ್ನು ತಂದರು. ಅಲ್ಲಿ ಕಲಿತ ಆಗ್ನೆಸ್ ಜೋನ್ಸ್ ಎಂಬವಳು ಲಿವರ್‌ಪೂಲಿನ ದರಿದ್ರರ ಆಸ್ಪತ್ರೆಗೆ 1865ರಲ್ಲಿ ಹೋಗಿ ಅದನ್ನು ತಿದ್ದಿ, ಮೂರು ವರ್ಷಗಳಲ್ಲಿ ರೋಗಿಗಳ ಜ್ವರವೇ ತಗಲಿ ತೀರಿಹೋದಳು.

ಒಂದು ವಿಷಯದಲ್ಲಿ ನಾವು ಅಮ್ಮನವರನ್ನು ಒಪ್ಪಲಾರೆವು. ಸ್ತ್ರೀಯರು ವೈದ್ಯರಾಗುವದಕ್ಕಿಂತ ಒಳ್ಳೆಯ ದಾದಿಯರಾಗುವದೇ ಮೇಲೆಂದು ಅವರು ಬಹುಕಾಲ ಎಣಿಸಿದರು. ಅಮೇರಿಕದಲ್ಲಿ ವೈದ್ಯಪದವಿಯನ್ನು ಪಡೆದ ಮೊದಲನೆಯ ಸ್ತ್ರೀಯಾದ ಎಲಿಜಬೆತ್ ಬ್ಲಾಕ್‌ವೆಲ್ ಅವರ ಗೆಳತಿಯೇ ಆಗಿದ್ದರೂ ಮನಸ್ಸು ಬೇಗ ತಿರುಗಲಿಲ್ಲ. ಲೊಂಬಾರ್ಡ್ ಅಮ್ಮನವರ ಆಸ್ಪತ್ರೆಯನ್ನು ಕಂಡ ಉಡುಪಿಯವರಿಗೆ ಈ ಮಾತು ಹಿಡಿಸದು.

ಹಿಂದೂದೇಶಕ್ಕೆ ಅವರು ಒಮ್ಮೆಯೂ ಬರಲಿಲ್ಲ, ಆದರೂ ನಾಲ್ವತ್ತು ವರ್ಷ ಇದರ ಚಿಂತೆಯಲ್ಲಿದ್ದರು. ಇಲ್ಲಿಯ ಇಂಗ್ಲಿಷ್ ಸೈನ್ಯದಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಾರೆಂದು 1863ರ ರಾಜಕಮಿಶನ್ನಿನ ವರದಿಯು ತೋರಿಸಿತು. ಆ ಲೆಕ್ಕದ ಹಿಂದೆ ಇದ್ದವರು ಅವರೇ. 1865ರಲ್ಲಿ ಇಲ್ಲಿಯ ಆಸ್ಪತ್ರೆಗಳಿಗೆ ದಾದಿಯರನ್ನು ಒದಗಿಸುವ ಒಂದು ಏರ್ಪಾಡನ್ನು ಬರೆದು ಕಳುಹಿಸಿದರು. ಖರ್ಚು ಹೆಚ್ಚೆಂದು ಸರಕಾರವು ಅದನ್ನು ತಳ್ಳಿಬಿಟ್ಟಿತು. ನಮ್ಮ ದಕ್ಷಿಣ ಕನ್ನಡವು ಆಗ ಮದ್ರಾಸಿಗೆ ಸೇರಿತ್ತು. 1866ರಿಂದ 1872ರ ವರೆಗೆ ಮದ್ರಾಸಿನ ಗವರ್ನರನಾಗಿದ್ದ ಲಾರ್ಡ್ ನೇಪಿಯರನು ಅವರನ್ನು ಯುದ್ಧಕಾಲದಲ್ಲಿಯೇ ಕಂಡವನು. ಅವನೊಡನೆ ಪತ್ರವ್ಯವಹಾರ ನಡಿಸಿದರು. ಮುದುಕಿಯಾದಂತೆ ಅವರ ಗಮನವು ದಂಡಿನಿಂದ ಹಳ್ಳಿಗಳ ಕಡೆಗೆ ತಿರುಗಿ, ಬಾವಿ, ಕೆರೆ, ತಿಪ್ಪೆಗಳ ಶುಚಿತ್ವದ ಬಗ್ಗೆ ಬರೆಯುತ್ತಾ ಹೋದರು.

ಕಣ್ಣುಗಳು ಕೆಟ್ಟುಹೋಗಿ ಓದುಬರಹವು ನಿಂತಿತು. 1907ರಲ್ಲಿ ಅರಸನು ಆರ್ಡರ್ ಆಫ್ ಮೆರಿಟ್ ಎಂಬ ಪದವಿಯನ್ನು ಕೊಟ್ಟನು. ಅದನ್ನು ಪಡೆದ ಮೊದಲನೆಯ ಸ್ತ್ರೀ ಅವರೇ, ಆದರೆ ಅಷ್ಟರಲ್ಲಿ ಅವರ ನೆನಪು ಮಾಸಿತ್ತು. 1910ರ ಆಗಸ್ಟ್ 13ರಂದು ಲಂಡನಿನಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡರು. ಹಿಂದಿನ ಅನೇಕ ರಾಜರನ್ನು ಹೂಣಿಟ್ಟಿರುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುವೆವೆಂದು ಹೇಳಿದಾಗ ಮನೆಯವರು ಒಪ್ಪಲಿಲ್ಲ. ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಗುಡಿಯ ಅಂಗಳದಲ್ಲಿ, ತಂದೆತಾಯಿಗಳ ಬಳಿಯಲ್ಲಿ, ಆರು ಮಂದಿ ಸೈನಿಕರು ಹೊತ್ತು ತಂದು ಅವರನ್ನು ಮಣ್ಣುಮಾಡಿದರು. ಕಲ್ಲಿನ ಮೇಲೆ ಅವರ ಹೆಸರಿನ ಮೊದಲಿನ ಎರಡು ಅಕ್ಷರಗಳೂ ಹುಟ್ಟಿದ ಮತ್ತು ಸತ್ತ ದಿನಗಳೂ ಮಾತ್ರ ಇವೆ.